ಬ್ಯಾಕ್ಟೀರಿಯ ತನ್ನ ಸರಕನ್ನು ಹೊರಕ್ಕೆ ಸಾಗಿಸುವ ಬಗೆ

ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಮಂಗಳೂರಿನ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಉಬ್ಬರವಿಳಿತದೊಡನೆ ದಿನವೂ ಬೆರೆಯುತ್ತವೆ. ಇಂತಹ ನೀರಿನಲ್ಲಿ ಮರುವಾಯಿ, ಸಿಂಪಿ ಮೊದಲಾದ ಚಿಪ್ಪುಜೀವಿಗಳು ಬೆಳೆಯುತ್ತವೆ. ಅವು ನೀರನ್ನು ಒಳಕ್ಕೆಳೆದು ಸೋಸಿ, ಅದರಲ್ಲಿರುವ ಸೂಕ್ಷ್ಮ ಕಣಗಳನ್ನು ಆಹಾರವಾಗಿ ಉಳಿಸಿಕೊಂಡು ಬದುಕುವುದರಿಂದ, ನೀರಿನಲ್ಲಿ ಚದರಿರುವ ಬ್ಯಾಕ್ಟೀರಿಯಗಳೂ ಅವುಗಳ ದೇಹದಲ್ಲಿ ಒಟ್ಟುಗೂಡುತ್ತವೆ. ಹಾಗೆ ಸೇರುವವುಗಳಲ್ಲಿ ಉಪ್ಪುನೀರನ್ನೇ ಬಯಸುವ ಒಂದು ಬ್ಯಾಕ್ಟೀರಿಯ ಉಂಟು. ಅದರ ಹೆಸರು ವಿಬ್ರಿಯೊ ಪ್ಯಾರಹೀಮೊಲಿಟಿಕಸ್. ಕಾಲರಾ ರೋಗವನ್ನು ತರುವ ಬ್ಯಾಕ್ಟೀರಿಯದ ಹತ್ತಿರದ ಬಂಧು.

1950ರಲ್ಲಿ ಜಪಾನಿನ ಒಸಾಕಾ ನಗರದಲ್ಲಿ ಅರೆ ಒಣಗಿಸಿದ ಮರಿಮೀನುಗಳನ್ನು ತಿಂದ 272 ಮಂದಿ ಕಾಯಿಲೆ ಬಿದ್ದರು; ಅವರಲ್ಲಿ 20 ಮಂದಿ ಅಸುನೀಗಿದರು. ಇದರ ಕಾರಣವನ್ನು ಹುಡುಕಹೊರಟ ಫುಜಿನೊ ಎಂಬ ವಿಜ್ಞಾನಿಗೆ ದೊರೆತುದು ಈ ಬ್ಯಾಕ್ಟೀರಿಯವೇ.

ನಮ್ಮ ಕರಾವಳಿಯಲ್ಲಿ ಇದರ ಸ್ಥಿತಿ ಏನು? 1969ರಲ್ಲಿ ಪ್ರಾರಂಭವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದಲ್ಲಿ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಭಾರತದ ನೈಋತ್ಯ ಕರಾವಳಿಯ ಸಿಂಪಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅವರ ವರದಿಯಂತೆ, ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಈ ಬ್ಯಾಕ್ಟೀರಿಯ ಇದ್ದಿತು. ಆದರೆ ಟಿ.ಡಿ.ಎಚ್. ಎಂಬ ವಿಷವನ್ನು ತಯಾರಿಸುವ ಜೀನು ಕಂಡುಬಂದುದು ಹತ್ತರಲ್ಲಿ ಸುಮಾರು ಒಂದು ಮಾದರಿಯಲ್ಲಿ. ಅದರ ಸಂಬಂಧಿಯಾದ ಮತ್ತೊಂದು ವಿಷದ ಜೀನು ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ.

ಬ್ಯಾಕ್ಟೀರಿಯ ಇದೆಯೇ ಎಂದು ಕೇಳಿದರೆ ಸಾಲದು, ಅದು ಏನನ್ನು ತಯಾರಿಸಿ ಹೊರಕ್ಕೆ ಕಳುಹಬಲ್ಲದು ಎಂದೂ ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ. ಹೊರಕ್ಕೆ ಕಳುಹುವುದು ಹೇಗೆ? ಅದನ್ನೇ ಈಗ ನೋಡೋಣ.

ಒಳಗೆ ತಯಾರಿ, ಹೊರಗೆ ಕೆಲಸ

ವಿಷವೇ ರೋಗಕ್ಕೆ ಮೂಲವಾಗಬಲ್ಲದೆಂಬುದಕ್ಕೆ ಸೊಗಸಾದ ಸಾಕ್ಷ್ಯವೊಂದು ನಮ್ಮ ದೇಶದಲ್ಲೇ ದೊರೆಯಿತು. ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ಬ್ಯಾಕ್ಟೀರಿಯಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಗಳನ್ನೆಲ್ಲ ತೆಗೆದುಹಾಕಿ, ಉಳಿದ ದ್ರವವನ್ನು ಮೊಲದ ಕರುಳಿಗೆ ಸೇರಿಸಿದರು. ಒಂದು ಬ್ಯಾಕ್ಟೀರಿಯವೂ ಇಲ್ಲದಿದ್ದರೂ ಕರುಳಿನಲ್ಲಿ ನೀರು ತುಂಬಿಕೊಂಡಿತು. ಬ್ಯಾಕ್ಟೀರಿಯ ದ್ರವದೊಳಕ್ಕೆ ಬಿಟ್ಟುಹೋದ ವಸ್ತುವೇ ಇದಕ್ಕೆ ಕಾರಣವೆಂದು ಅವರು 1959ರಲ್ಲಿ ಪ್ರಕಟಿಸಿದರು. ಆ ವಸ್ತು ಒಂದು ಪ್ರೋಟೀನು.

ಆದರೆ ಪ್ರೋಟೀನು ಹೊರಬರುವುದು ಸುಲಭವಲ್ಲ. ಬ್ಯಾಕ್ಟೀರಿಯದ ಕೋಶವನ್ನು ಆವರಿಸಿರುವ ಪೊರೆ ಒಂದು ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ತೆಳು. ಅಷ್ಟು ತೆಳುವಾದರೂ ಅದರ ಒಡಲು ಎಣ್ಣೆಯ ಸ್ವಭಾವದ್ದು. ನೀರಿನಲ್ಲಿ ಕರಗುವ ವಸ್ತು ಎಣ್ಣೆಯ ಪದರವನ್ನು ಹಾಯ್ದುಹೋಗಲಾರದು. ಪೊರೆಯಲ್ಲಿ ದೊಡ್ಡ ತೂತನ್ನು ತೆರೆದಿಡೋಣವೆಂದರೆ, ಕೋಶದ ಒಳಗಿರುವ ಲವಣಗಳೂ ಆಹಾರವೂ ಸೋರಿಹೋಗಿ ಬ್ಯಾಕ್ಟೀರಿಯ ಸಾಯುವುದು. ಸೋರದಂತೆ ಮುಚ್ಚಿರಬೇಕು, ಬೇಕಾದ ಸರಕಿಗೆ ಮಾತ್ರ ತೆರೆಯಬೇಕು. ಅಂತಹ ಬಾಗಿಲು ಬೇಕು.

ಗುರುತಿನ ಚೀಟಿ

ಮಂಗಳೂರಿನ ಬಂದರಿನಲ್ಲಿ ಗೋಣಿಚೀಲಗಳ ರಾಶಿ ಇರುತ್ತದೆ ಎಂದುಕೊಳ್ಳಿ. ಯಾವ ಚೀಲ ಹಡಗಿಗೆ, ಯಾವುದು ಪೇಟೆಗೆ ಎಂದು ತಿಳಿಯಲು ಹಮಾಲರು ಚೀಲವನ್ನು ಬಿಚ್ಚಿನೋಡುವುದಿಲ್ಲ. ಮೇಲಿನ ಗುರುತನ್ನು ನೋಡುತ್ತಾರೆ. ಪ್ರೋಟೀನುಗಳಿಗೂ ಇಂತಹ ಗುರುತು ಇದೆಯೆಂಬ ವಿಚಾರವನ್ನು ನ್ಯೂಯಾರ್ಕಿನಲ್ಲಿದ್ದ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಟಿನಿ 1971ರಲ್ಲಿ ಮುಂದಿಟ್ಟರು. 1975ರಲ್ಲಿ ಬ್ಲೋಬೆಲ್ ಅದಕ್ಕೆ ಪ್ರಯೋಗಗಳ ಆಧಾರವನ್ನೊದಗಿಸಿದರು. 1999ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಪ್ರಯೋಗ ನಡೆಸಿದ್ದು ಪ್ರಾಣಿಕೋಶಗಳ ಸಾಮಗ್ರಿಯ ಮೇಲೆ. ಅದೇ ನಿಯಮ ಬ್ಯಾಕ್ಟೀರಿಯಗಳಿಗೂ ಅನ್ವಯಿಸುವುದೆಂದು ಅನಂತರ ತಿಳಿದುಬಂದಿತು.

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಹೊರಹೋಗಬೇಕಾದ ಸರದ ತುದಿಯಲ್ಲಿ ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಹೆಚ್ಚಿನ ಮಣಿಗಳಿರುತ್ತವೆ. ಅವುಗಳಲ್ಲಿ ಮೊದಲಿನ ಕೆಲವು ಧನ ವಿದ್ಯುದಂಶವುಳ್ಳವು. ನಡುವಿನವು ನೀರಿಗೆ ಹೇಸಿ ಎಣ್ಣೆಯನ್ನು ಬಯಸುವವು. ಕೊನೆಯಲ್ಲಿ ಕತ್ತರಿಸಬೇಕಾದ ಜಾಗ. ನಾವು ಹೇಳಿದ ಟಿ.ಡಿ.ಎಚ್. ವಿಷ ಮೊದಲು 189 ಮಣಿಗಳ ಸರವಾಗಿ ಹುಟ್ಟುತ್ತದೆ. ಅದರಲ್ಲಿ 24 ಮಣಿಗಳು ಗುರುತಿನ ಚೀಟಿ. ಪೊರೆಯನ್ನು ದಾಟಿದೊಡನೆ ಒಂದು ಕಿಣ್ವ ಆ ಚೀಟಿಯನ್ನು ಕತ್ತರಿಸುವುದರಿಂದ, ಕೆಲಸಕ್ಕೆ ಇಳಿಯುವ ವಿಷದಲ್ಲಿ 165 ಮಣಿಗಳು ಮಾತ್ರ ಇರುತ್ತವೆ.

ಬಾಗಿಲೂ ದೂಡುವವನೂ

ನೂಲಿನ ಉಂಡೆ ಉಂಗುರದಲ್ಲಿ ತೂರದು. ಎಳೆಯನ್ನು ಬಿಚ್ಚಿ ಎಳೆದರೆ ತೂರುವುದು. ಬ್ಯಾಕ್ಟೀರಿಯ ಅನುಸರಿಸುವ ಮುಖ್ಯ ಉಪಾಯ ಇದೇ. ಸರವು ಮಡಚಿ ಉಂಡೆಯಾಗುವ ಮುನ್ನವೇ ಸೆಕ್-ಬಿ ಮೊದಲಾದ ಸಹಾಯಕ ಪ್ರೋಟೀನುಗಳು ಅನೇಕ ಸರಗಳನ್ನು ಹಿಡಿದು, ಬಿಚ್ಚಿದ ಸ್ಥಿತಿಯಲ್ಲೇ ಪೊರೆಯ ಬಳಿಗೆ ಒಯ್ಯುತ್ತವೆ. ಅಲ್ಲಿ ಸೆಕ್-ವೈ ಎಂಬ ಬಾಗಿಲಿದೆ. 2004ರಲ್ಲಿ ಅದರ ರಚನೆಯನ್ನು ಕ್ಷಕಿರಣಗಳಿಂದ ಕಂಡುಹಿಡಿದಾಗ, ಅದು ಮರಳುಗಡಿಯಾರದಂತೆ ನಡುವಿನಲ್ಲಿ ಕಿರಿದಾದ ಕೊಳವೆಯೆಂದೂ, ಸರಕು ಇಲ್ಲದಾಗ ಸಣ್ಣ ಬಿರಡೆಯೊಂದು ಅದನ್ನು ಮುಚ್ಚಿರುವುದೆಂದೂ ತಿಳಿಯಿತು. ಸೋರದೆ ತೆರೆಯುವ ಬಾಗಿಲಿನ ರಹಸ್ಯ ಹೀಗೆ ಬಯಲಾಯಿತು.

ಬಾಗಿಲಿದ್ದರೆ ಸಾಲದು, ದೂಡುವವನೂ ಬೇಕಷ್ಟೆ. ಆ ಕೆಲಸ ಸೆಕ್-ಎ ಎಂಬ ಯಂತ್ರದ್ದು. ಕೋಶದ ಶಕ್ತಿಯ ನಾಣ್ಯವಾದ ಎ.ಟಿ.ಪಿ.ಯನ್ನು ಖರ್ಚುಮಾಡುತ್ತ ಅದು ಸರವನ್ನು ಸ್ವಲ್ಪ ಸ್ವಲ್ಪವಾಗಿ ಕೊಳವೆಯೊಳಕ್ಕೆ ನೂಕುತ್ತದೆ. ಕೆಲವು ಪ್ರೋಟೀನುಗಳು ಒಳಗೇ ಮಡಚಿಕೊಂಡು ಸಿದ್ಧವಾಗಬೇಕಾದವು. ಅವುಗಳಿಗಾಗಿ ಟ್ಯಾಟ್ ಎಂಬ ಬೇರೊಂದು ದಾರಿಯೇ ಉಂಟು. ಅದರ ಚೀಟಿಯೂ ಬೇರೆ.

ಎರಡನೆಯ ಗೋಡೆ

ವಿಬ್ರಿಯೊದಂತಹ ಬ್ಯಾಕ್ಟೀರಿಯಗಳಿಗೆ ಪೊರೆ ಒಂದಲ್ಲ, ಎರಡು. ಅವುಗಳ ನಡುವೆ ಅಂಗಳದಂತಹ ಕಿರಿದಾದ ಜಾಗ. ಈ ಅಂಗಳದಲ್ಲಿ ಎ.ಟಿ.ಪಿ. ಇಲ್ಲ, ಆದುದರಿಂದ ಹೊರಗೋಡೆಯನ್ನು ದಾಟಿಸುವ ಯಂತ್ರ ಒಳಗಿನಿಂದಲೇ ಶಕ್ತಿಯನ್ನು ಪಡೆಯಬೇಕು. ಕಾಲರಾ ವಿಷದ ಬಿಡಿಭಾಗಗಳು ಮೊದಲ ಬಾಗಿಲನ್ನು ದಾಟಿ ಅಂಗಳದಲ್ಲಿ ಜೋಡಣೆಯಾಗುತ್ತವೆ. ಅನಂತರ ‘ಎರಡನೆಯ ಮಾದರಿ’ ಎಂದು ಕರೆಯಲ್ಪಡುವ, ಕೊಂತದಂತೆ ಒತ್ತುವ ಯಂತ್ರವೊಂದು ಇಡೀ ವಿಷವನ್ನು ಹೊರದೂಡುತ್ತದೆ.

ಇದಕ್ಕಿಂತ ವಿಚಿತ್ರವಾದುದು ‘ಮೂರನೆಯ ಮಾದರಿ’. ಇದು ಎರಡು ಪೊರೆಗಳನ್ನೂ ಹಾಯ್ದು ಹೊರಕ್ಕೆ ಚಾಚಿದ ಟೊಳ್ಳು ಸೂಜಿ. ವೈದ್ಯರ ಪಿಚಕಾರಿಯಂತೆ ಪ್ರೋಟೀನನ್ನು ನೇರವಾಗಿ ನಮ್ಮ ಕರುಳಿನ ಕೋಶದೊಳಕ್ಕೇ ಚುಚ್ಚುತ್ತದೆ. 2003ರಲ್ಲಿ ವಿಬ್ರಿಯೊ ಪ್ಯಾರಹೀಮೊಲಿಟಿಕಸ್‌ನ ಜೀನುಗಳನ್ನು ಪೂರ್ತಿಯಾಗಿ ಓದಿದಾಗ, ರೋಗಿಯಿಂದ ಪಡೆದ ಆ ತಳಿಯಲ್ಲಿ ಇಂತಹ ಯಂತ್ರಗಳು ಎರಡು ಇರುವುದು ಕಂಡಿತು. ಟಿ.ಡಿ.ಎಚ್. ವಿಷ ಮೊದಲ ಬಾಗಿಲಿನಿಂದ ಅಂಗಳಕ್ಕೆ ಬಂದು, ಅಲ್ಲಿಂದ ಈ ಸೂಜಿಯ ದಾರಿಯನ್ನೂ ಹಿಡಿಯಬಲ್ಲದೆಂದು 2019ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು.

ಇದರಿಂದ ನಮಗೇನು?

ಮೊದಲನೆಯದಾಗಿ, ಮೀನು ಮತ್ತು ಚಿಪ್ಪುಜೀವಿಗಳ ಪರೀಕ್ಷೆ. ಬ್ಯಾಕ್ಟೀರಿಯಗಳನ್ನು ಎಣಿಸುವುದರೊಡನೆ ವಿಷದ ಜೀನುಗಳನ್ನೂ ಹುಡುಕಿದರೆ ಅಪಾಯದ ನಿಜವಾದ ಅಳತೆ ಸಿಗುತ್ತದೆ. ಎರಡನೆಯದಾಗಿ, ಔಷಧ. ಬಾಗಿಲನ್ನೋ ಸೂಜಿಯನ್ನೋ ಅಡ್ಡಗಟ್ಟಬಲ್ಲ ವಸ್ತುಗಳಿಗಾಗಿ ಹುಡುಕಾಟ ನಡೆದಿದೆ. ಸೂಜಿ ಕಟ್ಟಿಹೋದ ಬ್ಯಾಕ್ಟೀರಿಯ ಬದುಕಿದ್ದರೂ ಅದರ ಆಯುಧ ಕೆಲಸಕ್ಕೆ ಬಾರದು. ಮೂರನೆಯದಾಗಿ, ಗುರುತಿನ ಚೀಟಿಯನ್ನು ನಮಗೆ ಬೇಕಾದ ಪ್ರೋಟೀನಿಗೆ ಅಂಟಿಸಿ, ನಿರಪಾಯದ ಬ್ಯಾಕ್ಟೀರಿಯದಿಂದ ಅದನ್ನು ಪೊರೆಯಾಚೆಗೆ ತರಿಸಿಕೊಳ್ಳುವ ವಿದ್ಯೆ ಔಷಧ ತಯಾರಿಕೆಯಲ್ಲಿ ಬಳಕೆಗೆ ಬಂದಿದೆ.

ಅಡಿಗೆಮನೆಗೂ ಇದರಲ್ಲಿ ಪಾಠವುಂಟು. ಅನುಕೂಲವಾದ ಬಿಸುಪಿನಲ್ಲಿ ಈ ಬ್ಯಾಕ್ಟೀರಿಯ ಸುಮಾರು ಹತ್ತು ನಿಮಿಷಗಳಿಗೊಮ್ಮೆ ಇಮ್ಮಡಿಯಾಗಬಲ್ಲದು. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ, ಆದರೆ ಟಿ.ಡಿ.ಎಚ್. ವಿಷ ಕುದಿಯುವ ನೀರಿನ ಕಾವನ್ನೂ ಸ್ವಲ್ಪ ಹೊತ್ತು ತಾಳಬಲ್ಲದು. ಆದುದರಿಂದ ಹಿಡಿದ ಮೀನನ್ನು ಬೇಗನೆ ಮಂಜುಗಡ್ಡೆಯಲ್ಲಿಡಬೇಕು, ಮರುವಾಯಿಯನ್ನು ಪೂರ್ತಿ ಬೇಯಿಸಬೇಕು, ಹಸಿ ಮೀನು ಕೊಯ್ದ ಹಲಗೆಯ ಮೇಲೆ ಬೆಂದ ಮೀನನ್ನು ಇಡಬಾರದು. ವಿಷ ಬಾಗಿಲನ್ನು ದಾಟಿದ ಮೇಲೆ ಹೋರಾಡುವುದಕ್ಕಿಂತ, ಅದನ್ನು ತಯಾರಿಸುವ ಬ್ಯಾಕ್ಟೀರಿಯಕ್ಕೆ ಬೆಳೆಯುವ ಅವಕಾಶವನ್ನೇ ಕೊಡದಿರುವುದು ಸುಲಭ.