ರಾಜಕೀಯ ಪಕ್ಷಗಳಿಗೆ ದೇಣಿಗೆ: ವರ್ತಕರು ಅರಿತಿರಬೇಕಾದ ನಿಯಮಗಳು

ಚುನಾವಣೆಯ ದಿನಾಂಕ ಪ್ರಕಟವಾದೊಡನೆ ಮಳಿಗೆ ಹಾಗೂ ಕಾರ್ಖಾನೆಗಳಿಗೆ ದೇಣಿಗೆ ಕೇಳಿಕೊಂಡು ಬರುವವರ ಸಂಖ್ಯೆ ಹೆಚ್ಚುವುದು ಸದಸ್ಯ ಬಾಂಧವರಿಗೆ ತಿಳಿದ ಸಂಗತಿಯೇ ಆಗಿದೆ. ಮತದಾರರನ್ನು ಒಲಿಸಿಕೊಳ್ಳಲು ಪಕ್ಷಗಳು ಸಭೆ, ಮೆರವಣಿಗೆ, ವಾಹನ, ಜಾಹೀರಾತು, ಕರಪತ್ರಗಳಿಗಾಗಿ ಅಪಾರ ಹಣ ವ್ಯಯಿಸುತ್ತವೆ. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 95 ಲಕ್ಷ ರೂ., ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂ. ಮಿತಿಯನ್ನು 2022ರಲ್ಲಿ ನಿಗದಿಪಡಿಸಲಾಯಿತು. ಆದರೆ ಪಕ್ಷದ ವೆಚ್ಚಕ್ಕೆ ಅಂತಹ ಮಿತಿಯಿಲ್ಲ. ದೇಣಿಗೆ ಕೊಡುವುದು ಬಿಡುವುದು ಅವರವರ ಇಚ್ಛೆ; ಕೊಡುವ ವಿಧಾನ ತಪ್ಪಿದರೆ ಮಾತ್ರ ಅದರ ಹೊಣೆ ಕೊಟ್ಟವರ ಮೇಲೂ ಬೀಳುತ್ತದೆ.

ಕಂಪನಿಗಳು ಪಕ್ಷಗಳಿಗೆ ಹಣ ನೀಡುವುದನ್ನು 1969ರಲ್ಲಿ ನಿಷೇಧಿಸಿ, 1985ರಲ್ಲಿ ಮತ್ತೆ ಅವಕಾಶ ಕಲ್ಪಿಸಲಾಯಿತು. 2018ರಲ್ಲಿ ಬಂದ ಚುನಾವಣಾ ಬಾಂಡ್ ಯೋಜನೆಯು ಕೊಟ್ಟವರ ಹೆಸರನ್ನು ಮರೆಮಾಡಿತ್ತು. ಸರ್ವೋಚ್ಚ ನ್ಯಾಯಾಲಯವು 15 ಫೆಬ್ರವರಿ 2024ರಂದು ಆ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಕಂಪನಿ ದೇಣಿಗೆಯ ಮಿತಿಯನ್ನು ತೆಗೆದುಹಾಕಿದ್ದ 2017ರ ತಿದ್ದುಪಡಿಯೂ ಅದರೊಡನೆ ಬಿದ್ದುಹೋಯಿತು. ಈ ಎರಡನೆಯ ಅಂಶವನ್ನು ಅನೇಕ ಸಣ್ಣ ಕಂಪನಿಗಳು ಗಮನಿಸಿದಂತಿಲ್ಲ.

ಪರಿಣಾಮವಾಗಿ, 2013ರ ಕಂಪನಿ ಕಾಯ್ದೆಯ ಕಲಂ 182ರನ್ವಯ ಕಂಪನಿಯೊಂದು ಒಂದು ವರ್ಷದಲ್ಲಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕಿಂತ ಹೆಚ್ಚು ನೀಡುವಂತಿಲ್ಲ. ಸರಾಸರಿ ಲಾಭ 20 ಲಕ್ಷ ರೂ. ಇದ್ದರೆ ಮಿತಿ ಒಂದೂವರೆ ಲಕ್ಷ. ಸ್ಥಾಪನೆಯಾಗಿ ಮೂರು ಆರ್ಥಿಕ ವರ್ಷ ತುಂಬದ ಕಂಪನಿ ನೀಡುವಂತೆಯೇ ಇಲ್ಲ. ನಿರ್ದೇಶಕ ಮಂಡಳಿಯ ಸಭೆಯಲ್ಲಿ ನಿರ್ಣಯವಾಗಬೇಕು. ಹಣ ಬ್ಯಾಂಕಿನ ಮೂಲಕವೇ ಸಲ್ಲಬೇಕು. ಪಕ್ಷದ ಹೆಸರು ಹಾಗೂ ಮೊತ್ತವನ್ನು ಲಾಭ-ನಷ್ಟ ತಖ್ತೆಯಲ್ಲಿ ನಮೂದಿಸಬೇಕು. ತಪ್ಪಿದಲ್ಲಿ ಕಂಪನಿಗೆ ದೇಣಿಗೆಯ ಐದು ಪಟ್ಟಿನವರೆಗೆ ದಂಡ. ತಪ್ಪಿತಸ್ಥ ಅಧಿಕಾರಿಗಳಿಗೆ ಅಷ್ಟೇ ದಂಡದ ಜೊತೆಗೆ ಆರು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು.

ಇನ್ನು ತೆರಿಗೆಯ ವಿಚಾರ. 1961ರ ಆದಾಯ ತೆರಿಗೆ ಕಾಯ್ದೆಯು ಕಂಪನಿಗಳಿಗೆ ಕಲಂ 80ಜಿಜಿಬಿ, ಇತರರಿಗೆ 80ಜಿಜಿಸಿ ಅಡಿಯಲ್ಲಿ ಪೂರ್ಣ ಕಡಿತ ನೀಡಿತ್ತು. 1 ಏಪ್ರಿಲ್ 2026ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದ್ದರೂ ತತ್ತ್ವ ಅದೇ ಆಗಿದೆ. ನಗದಾಗಿ ಕೊಟ್ಟ ದೇಣಿಗೆಗೆ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೂ, ಶೇ. 22ರ ರಿಯಾಯಿತಿ ದರವನ್ನು ಆಯ್ದುಕೊಂಡ ಕಂಪನಿಗಳಿಗೂ ಇದು ದೊರೆಯದು. ಪಾಲುದಾರಿಕೆ ಸಂಸ್ಥೆಗಳಿಗೆ ದೊರೆಯುತ್ತದೆ.

ಸ್ಮರಣ ಸಂಚಿಕೆಯ ಜಾಹೀರಾತಿನ ಬಗೆಗೂ ಎಚ್ಚರವಿರಲಿ. ಪಕ್ಷವೊಂದು ಹೊರತರುವ ಸಂಚಿಕೆಗೆ ನೀಡಿದ ಜಾಹೀರಾತಿನ ಹಣವನ್ನು ವ್ಯಾಪಾರದ ವೆಚ್ಚವೆಂದು ಕಳೆಯುವಂತಿಲ್ಲ. ಕಂಪನಿಯಾದರೆ ಅದನ್ನೂ ದೇಣಿಗೆಯೆಂದೇ ಪರಿಗಣಿಸಲಾಗುವುದರಿಂದ ಮೇಲಿನ ಮಿತಿಗೆ ಸೇರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ರಶೀದಿಯ ವ್ಯಾಪಾರ. ಹೆಸರೇ ಕೇಳಿರದ ನೋಂದಾಯಿತ ಪಕ್ಷಕ್ಕೆ ಚೆಕ್ ಕೊಡಿಸಿ, ಕಮಿಷನ್ ಮುರಿದುಕೊಂಡು ಉಳಿದುದನ್ನು ನಗದಾಗಿ ಮರಳಿಸುವ ಮಧ್ಯವರ್ತಿಗಳಿದ್ದಾರೆ. ಇಂತಹ ಸುಳ್ಳು ಕಡಿತಗಳ ವಿರುದ್ಧ ಆದಾಯ ತೆರಿಗೆ ಇಲಾಖೆಯು 2025ರ ಜುಲೈನಲ್ಲಿ ದೇಶವ್ಯಾಪಿ ಪರಿಶೀಲನೆ ನಡೆಸಿತು. ಮರುತಿಂಗಳು ಚುನಾವಣಾ ಆಯೋಗವು ನೋಂದಾಯಿತ, ಆದರೆ ಮಾನ್ಯತೆಯಿಲ್ಲದ 334 ಪಕ್ಷಗಳನ್ನು ಪಟ್ಟಿಯಿಂದ ಕೈಬಿಟ್ಟಿತು. ಆದಾಯವನ್ನು ತಪ್ಪಾಗಿ ತೋರಿಸಿದ್ದು ಸಿದ್ಧವಾದರೆ ತೆರಿಗೆ ಹಾಗೂ ಬಡ್ಡಿಯಲ್ಲದೆ ತೆರಿಗೆಯ ಶೇ. 200ರಷ್ಟು ದಂಡ ತೆರಬೇಕಾದೀತು. ಉಳಿಸಿದ ತೆರಿಗೆಗಿಂತ ಕಳೆದುಕೊಳ್ಳುವುದೇ ಹೆಚ್ಚು.

ನಗದು ಕೊಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಭಾವನೆಯೂ ಸರಿಯಲ್ಲ. ಒಬ್ಬರಿಂದ 2,000 ರೂ. ಮೀರಿದ ದೇಣಿಗೆಯನ್ನು ನಗದಾಗಿ ಪಡೆದರೆ ಪಕ್ಷಕ್ಕಿರುವ ತೆರಿಗೆ ವಿನಾಯಿತಿಗೇ ಧಕ್ಕೆ ಬರುತ್ತದೆ. ಕೊಟ್ಟವರ ಪುಸ್ತಕದಲ್ಲಿಯೂ ಆ ಹಣಕ್ಕೆ ಲೆಕ್ಕ ಹೊಂದಿಸಬೇಕಾಗುತ್ತದೆ. ಅಲ್ಲಿಂದಲೇ ತೊಂದರೆ ಮೊದಲಾಗುತ್ತದೆ.

ಆದುದರಿಂದ ಸದಸ್ಯರು ಕೊಡುವುದೇ ಆದರೆ ಎಷ್ಟು, ಯಾರಿಗೆ ಎಂಬುದನ್ನು ಚುನಾವಣೆಗೆ ಮೊದಲೇ ನಿರ್ಧರಿಸಿ, ಪಕ್ಷದ ನೋಂದಣಿಯನ್ನು ಆಯೋಗದ ಪಟ್ಟಿಯಲ್ಲಿ ನೋಡಿಕೊಂಡು, ಪಕ್ಷದ ಹೆಸರಿನ ಖಾತೆಗೆ ಹಣ ಸಲ್ಲಿಸಿ ರಶೀದಿ ಪಡೆಯತಕ್ಕದ್ದು. ಬಾಗಿಲಿಗೆ ಬಂದವರಿಗೆ “ಚೆಕ್ ಮೂಲಕ ಮಾತ್ರ” ಎಂದು ಹೇಳುವ ವರ್ತಕರಿಗೆ ಕಾನೂನಿನ ಬೆಂಬಲವಿದೆ.