ಕ್ಷೌರಿಕನ ಮುಂದೆ ಕುಳಿತ ರಾಜ

ರಾಜನ ಚಿತ್ರ ಎಂದರೆ ಸಿಂಹಾಸನ, ಬೇಟೆ, ಯುದ್ಧ, ಆನೆಯ ಮೇಲಿನ ಮೆರವಣಿಗೆ ಎಂದೇ ನಮ್ಮ ಎಣಿಕೆ. ಆದರೆ 18ನೇ ಶತಮಾನದ ಪಹಾಡಿ, ಎಂದರೆ ಹಿಮಾಲಯದ ತಪ್ಪಲಿನ ಶೈಲಿಯ, ಚಿತ್ರಕಾರ ನೈನಸುಖ ಬರೆದ ಒಂದು ಪುಟ್ಟ ಚಿತ್ರದಲ್ಲಿ ಜಸ್ರೋಟಾದ ಅರಸ ಬಲವಂತ ಸಿಂಗ್ ಕ್ಷೌರಿಕನಿಗೆ ಗಡ್ಡ ಒಡ್ಡಿ ಕುಳಿತಿದ್ದಾನೆ. ಇನ್ನೊಂದರಲ್ಲಿ ಡೇರೆಯೊಳಗೆ ಏನೋ ಬರೆಯುತ್ತಿದ್ದಾನೆ. ಮತ್ತೊಂದರಲ್ಲಿ ಚಳಿಗೆ ರಜಾಯಿ ಹೊದ್ದು ಮುದುಡಿದ್ದಾನೆ. ನೋಡಿದೊಡನೆ ತುಟಿಯಂಚಿನಲ್ಲಿ ನಗು ಮೂಡುತ್ತದೆ. ಇಂಥ ಚಿತ್ರಗಳು ಅರಸನನ್ನು ಹಗುರವಾಗಿ ಕಂಡದ್ದರ ಫಲವಲ್ಲ, ಅವನೂ ಚಿತ್ರಕಾರನೂ ಒಬ್ಬರನ್ನೊಬ್ಬರು ನಂಬಿದ್ದರ ಫಲ ಎಂಬುದು ನನ್ನ ವಾದ. ಗೋಡೆಗೆ ತೂಗುಹಾಕಿ ಊರಿಗೆಲ್ಲ ತೋರಿಸುವ ಚಿತ್ರಗಳಲ್ಲ ಇವು. ಕಾಗದದ ಮೇಲಿನ ಇಂಥ ಕಿರುಚಿತ್ರಗಳನ್ನು ಕೈಯಲ್ಲಿ ಹಿಡಿದು, ಕಣ್ಣಿಗೆ ಹತ್ತಿರ ತಂದು, ಆಪ್ತರ ನಡುವೆ ನೋಡುತ್ತಿದ್ದರು. ಬಲವಂತ ಸಿಂಗ್ ಹೀಗೆಯೇ ಒಂದು ಚಿತ್ರವನ್ನು ಹಿಡಿದು ನೋಡುತ್ತಿರುವ ದೃಶ್ಯವನ್ನೂ ನೈನಸುಖ ಬರೆದಿದ್ದಾನೆ. ಅದರಲ್ಲಿ ಅರಸನ ಹಿಂದೆ ವಿನಯದಿಂದ ಇರುವ ವ್ಯಕ್ತಿ ನೈನಸುಖನೇ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಜಸ್ರೋಟಾ ಚಿಕ್ಕ ಆಸ್ಥಾನ, ಅಲ್ಲಿ ದರ್ಬಾರಿನ ಬಿಗಿ ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಬರೆದ, ಅಷ್ಟೇ ಎನ್ನುವವರಿದ್ದಾರೆ. ಇದು ಒಪ್ಪುವಂಥದ್ದಲ್ಲ. ಅದೇ ಅರಸ ಗಂಭೀರವಾಗಿ ಕುಳಿತು ಸಂಗೀತ ಕೇಳುವ ಚಿತ್ರಗಳೂ ಇವೆ. ಅಂಥ ಒಂದರ ಮೇಲೆ 1748ಕ್ಕೆ ಸರಿಹೊಂದುವ ವರ್ಷವೇ ಇದೆ. ನೈನಸುಖನಿಗೆ ಬಿಗಿಯೂ ಗೊತ್ತಿತ್ತು, ಸಲುಗೆಯೂ ಗೊತ್ತಿತ್ತು. ಯಾವಾಗ ಯಾವುದು ಎಂಬ ವಿವೇಕವೂ ಇತ್ತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸಂಬಳಕ್ಕಿದ್ದ ಚಿತ್ರಕಾರ ಹೇಳಿದ್ದನ್ನು ಮಾಡಿದ, ಇದರಲ್ಲಿ ಸ್ನೇಹ ಎಲ್ಲಿಂದ ಬಂತು? ಗಡ್ಡ ಕತ್ತರಿಸುವುದನ್ನು ಬರೆ ಎಂದು ಅರಸ ಅಪ್ಪಣೆ ಕೊಟ್ಟಿರಬಹುದು. ಆದರೆ ಅಣಕಕ್ಕೂ ಹೊಗಳಿಕೆಗೂ ಜಾರದ ಆ ನೋಟವನ್ನು ಅಪ್ಪಣೆಯಿಂದ ಪಡೆಯಲಾಗದು. ಸುಮಾರು 1710ರಲ್ಲಿ ಗುಲೇರಿನ ಚಿತ್ರಕಾರ ಪಂಡಿತ ಸೇವೂನ ಮಗನಾಗಿ ಹುಟ್ಟಿದ ನೈನಸುಖನಿಗೆ ಮೊಘಲ್ ಶೈಲಿಯ ಸೂಕ್ಷ್ಮ ನಿರೀಕ್ಷಣೆ ಕರಗತವಾಗಿತ್ತು. ಆ ಕಣ್ಣಿಗೆ ತನ್ನನ್ನು ಹೀಗೆ ಒಪ್ಪಿಸಿಕೊಳ್ಳಲು ಅರಸನಿಗೂ ಧೈರ್ಯ ಬೇಕು.

ಸ್ನೇಹಕ್ಕೆ ಬಲವಾದ ಸಾಕ್ಷಿ ಸಾವಿನ ನಂತರದ್ದು. 1763ರಲ್ಲಿ ಬಲವಂತ ಸಿಂಗ್ ತೀರಿಕೊಂಡಾಗ ಅವನ ಅಸ್ಥಿಯೊಂದಿಗೆ ಹರಿದ್ವಾರಕ್ಕೆ ಹೋದವರಲ್ಲಿ ನೈನಸುಖನೂ ಇದ್ದ. ಅಲ್ಲಿನ ತೀರ್ಥಪುರೋಹಿತರಾದ ಪಂಡಾಗಳ ಬಹಿಯಲ್ಲಿ, ಎಂದರೆ ಯಾತ್ರಿಕರ ವಂಶಾವಳಿ ದಾಖಲಿಸುವ ಪುಸ್ತಕದಲ್ಲಿ, ತನ್ನ ಕೈಯಾರೆ ಬರೆದು ಒಂದು ರೇಖಾಚಿತ್ರವನ್ನೂ ಬಿಡಿಸಿದ. ಕಲಾ ಇತಿಹಾಸಕಾರ ಬಿ.ಎನ್. ಗೋಸ್ವಾಮಿಯವರು ಇಂಥ ಬಹಿಗಳನ್ನು ಜಾಲಾಡಿಯೇ ಈ ಚಿತ್ರಕಾರ ಕುಟುಂಬದ ಕಥೆಯನ್ನು ಕಟ್ಟಿಕೊಟ್ಟರು. ಕೇವಲ ಕೂಲಿಯ ಸಂಬಂಧವಾಗಿದ್ದರೆ ಅದು ಚಿತೆಯೊಂದಿಗೆ ಮುಗಿಯಬೇಕಿತ್ತು. ಆಮೇಲೆ ಬಸೋಹಲಿಯ ಅರಸ ಅಮೃತಪಾಲನ ಆಶ್ರಯಕ್ಕೆ ಹೋದ ನೈನಸುಖ 1778ರವರೆಗೆ ಬದುಕಿದ್ದ. ಅದೇ ಕೈ, ಅದೇ ಕುಂಚ. ಆದರೆ ಅಲ್ಲಿ ಅವನ ಕೆಲಸ ಅರಸನ ದಿನಚರಿಯಿಂದ ಕಾವ್ಯ, ಪುರಾಣಗಳ ಕಡೆಗೆ ಹೊರಳಿತು.