ಠಾಣೆಯಿಲ್ಲದ ಕಾಲದ ಪತ್ತೇದಾರರು

ಕೊಲೆಯಾಗಿದೆ. ದೂರು ಕೊಡಲು ಠಾಣೆಯಿಲ್ಲ, ಮಹಜರು ಬರೆಯಲು ಇನ್‌ಸ್ಪೆಕ್ಟರ್ ಇಲ್ಲ. ಪ್ರಾಚೀನ ರೋಮಿನಲ್ಲಿ ಕೊಲೆಗಾರನನ್ನು ಕೋರ್ಟಿಗೆ ಎಳೆಯುವುದು ಖಾಸಗಿಯವರ ಪಾಡು. ಹಾಗಾಗಿ ಆ ಕಾಲವನ್ನು ಕುರಿತು ಬರೆಯುವ ಪತ್ತೇದಾರಿ ಕಾದಂಬರಿಕಾರರು ಕೊಂದವರನ್ನು ಹುಡುಕುವ ಮೊದಲು, ಹುಡುಕುವವನು ಯಾರೆಂದು ತೀರ್ಮಾನಿಸಬೇಕು.

ಅಮೆರಿಕದ ಸ್ಟೀವನ್ ಸೇಲರ್ ‘ರೋಮನ್ ಬ್ಲಡ್’ (1991) ಕಾದಂಬರಿಗೆ ಕ್ರಿ.ಪೂ. 80ರಲ್ಲಿ ನಿಜವಾಗಿ ನಡೆದ ಮೊಕದ್ದಮೆಯನ್ನೇ ಎತ್ತಿಕೊಂಡರು. ಸೆಕ್ಸ್ಟಸ್ ರೋಸಿಯಸ್ ಮೇಲೆ ತಂದೆಯನ್ನು ಕೊಂದ ಆರೋಪ. ಪಿತೃಹತ್ಯೆ ಮಾಡಿದವನನ್ನು ಚೀಲದೊಳಗೆ ಹೊಲಿದು ನೀರಿಗೆ ಎಸೆಯುತ್ತಿದ್ದರು. ರೋಸಿಯಸ್ ಪರ ನಿಂತವನು 26ರ ಹರೆಯದ ವಕೀಲ ಸಿಸೆರೊ. ಆ ವಾದ ಇಂದಿಗೂ ಉಳಿದಿದೆ: ಅರವತ್ತು ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಬಾಳುವ ಸತ್ತವನ ಆಸ್ತಿಯನ್ನು ಸರ್ವಾಧಿಕಾರಿ ಸುಲ್ಲನ ಆಪ್ತ ಕ್ರೈಸೊಗೋನಸ್ ಬರೀ 2,000ಕ್ಕೆ ಹೊಡೆದುಕೊಂಡ ಎಂದು ಸಿಸೆರೊ ದೂರುತ್ತಾನೆ. ಹತ್ಯೆಯ ಹೊತ್ತಿಗೆ ಯಜಮಾನನ ಜೊತೆಗಿದ್ದ ಇಬ್ಬರು ಗುಲಾಮರೂ ಈಗ ಕ್ರೈಸೊಗೋನಸ್‌ನ ಕೈಯಲ್ಲೇ. ಗುಲಾಮರ ಸಾಕ್ಷ್ಯ ಸಿಂಧುವಾಗಬೇಕಾದರೆ ಚಿತ್ರಹಿಂಸೆ ಕೊಟ್ಟೇ ಪಡೆಯಬೇಕೆಂಬುದು ಆಗಿನ ಕಾನೂನು. ಸೇಲರ್ ಸೃಷ್ಟಿಸಿದ ಗೋರ್ಡಿಯಾನಸ್, ಸಿಸೆರೊಗಾಗಿ ಸುದ್ದಿ ಹೆಕ್ಕುತ್ತಾ ಇಂಥ ಲೋಕದಲ್ಲಿ ಅಲೆಯುತ್ತಾನೆ. ದಾಖಲೆಯ ಭಾರ ಇರುವುದರಿಂದಲೇ ಕಥೆ ಹಗುರಾಗುವುದಿಲ್ಲ.

ಬ್ರಿಟನ್ನಿನ ಲಿಂಡ್ಸೆ ಡೇವಿಸ್ ಹಿಡಿದದ್ದು ಚಕ್ರವರ್ತಿ ವೆಸ್ಪೇಸಿಯನ್ ಕಾಲ. ‘ದಿ ಸಿಲ್ವರ್ ಪಿಗ್ಸ್’ (1989) ಕಾದಂಬರಿಯ ಫ್ಯಾಲ್ಕೊ, ಅವೆಂಟೈನ್ ಗುಡ್ಡದ ವಠಾರದ ಮೇಲಂತಸ್ತಿನಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡ ಖಾಸಗಿ ಬೇಹುಗಾರ, ಕೆಳಗೆ ಲಾಂಡ್ರಿ. ಬೆಳ್ಳಿ ಕಳವಿನ ಬೆನ್ನು ಹತ್ತಿ ಅವನು ಗುಲಾಮನ ವೇಷದಲ್ಲಿ ಬ್ರಿಟನ್ನಿನ ಗಣಿಗಿಳಿಯುವ ಪುಟಗಳನ್ನು ಓದಿದರೆ ಮೈ ನಡುಗುತ್ತದೆ. ರೋಮಿನಲ್ಲಿ ಬದುಕಿದ ಅನುಭವ ಬೇಕಿದ್ದವರಿಗೆ ಡೇವಿಸ್ ಅವರೇ ಸರಿ. ರೋಮಿನ ಕಥೆ ಬರೆದ ಇನ್ನೊಬ್ಬ ಕಾದಂಬರಿಕಾರ ಜಾನ್ ಮ್ಯಾಡಾಕ್ಸ್ ರಾಬರ್ಟ್ಸ್ ಅವರ ಪತ್ತೇದಾರ ಡೇಸಿಯಸ್ ದೊಡ್ಡ ಮನೆತನದವನು. ಅವನಿಗೆ ಬಾಗಿಲುಗಳು ಸಲೀಸಾಗಿ ತೆರೆಯುವುದರಿಂದ ನನಗೆ ಆತಂಕ ಅಷ್ಟಾಗಿ ಹುಟ್ಟಲಿಲ್ಲ.

ಎಲ್ಲರಿಗಿಂತ ಧೈರ್ಯ ತೋರಿದವರು ಮಾತ್ರ ಅಗಾಥಾ ಕ್ರಿಸ್ಟಿ. ‘ಡೆತ್ ಕಮ್ಸ್ ಆಸ್ ದಿ ಎಂಡ್’ (1944) ಸುಮಾರು ಕ್ರಿ.ಪೂ. 2000ದ ಈಜಿಪ್ಟಿನ ಕಥೆ. ಹೆಕನಖ್ತ್ ಎಂಬ ಜಮೀನುದಾರ ಮನೆಗೆ ಬರೆದ ಪತ್ರಗಳು ಥೀಬ್ಸ್‌ನ ಸಮಾಧಿಯೊಂದರಲ್ಲಿ ಸಿಕ್ಕಿದ್ದವು. ಧಾನ್ಯದ ಲೆಕ್ಕ, ಮಕ್ಕಳಿಗೆ ಬೈಗುಳ, ತನ್ನ ಉಪಪತ್ನಿಯನ್ನು ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂಬ ಸಿಟ್ಟು ಅವುಗಳಲ್ಲಿವೆ. ಕ್ರಿಸ್ಟಿಗೆ ಅಷ್ಟೇ ಸಾಕಾಯಿತು. ಅವರು ಪತ್ತೇದಾರನನ್ನೇ ಕರೆತರಲಿಲ್ಲ; ಒಂದೇ ಸೂರಿನಡಿಯ ಮಂದಿ ಪರಸ್ಪರ ಸಂಶಯಿಸುತ್ತಾ ಒಬ್ಬೊಬ್ಬರಾಗಿ ಸಾಯುತ್ತಾರೆ. ಈ ಕಥೆ ಬರೆಯಲು ಪ್ರೇರೇಪಿಸಿದ ಈಜಿಪ್ಟ್ ತಜ್ಞ ಸ್ಟೀಫನ್ ಗ್ಲಾನ್‌ವಿಲ್ ಅವರ ಒತ್ತಾಯಕ್ಕೆ ಕಟ್ಟುಬಿದ್ದು ಕೊನೆಯನ್ನು ಬದಲಿಸಿದ್ದಕ್ಕೆ ಕ್ರಿಸ್ಟಿ ಮುಂದೆ ಆತ್ಮಕಥೆಯಲ್ಲಿ ಬೇಸರ ತೋಡಿಕೊಂಡಿದ್ದಾರೆ.